ಕಲಬುರಗಿ (ಕೆಎ-32), ಯಾದಗಿರಿ (ಕೆಎ-33), ಬೀದರ (ಕೆಎ-38): ಹಳೆ ಕಾರು ಗುಜರಿಗೆ ಕೊಟ್ಟು ಹೊಸದು ತರುವಾಗ ರಿಯಾಯಿತಿ ಕೈತಪ್ಪದಿರಲು

ಹಳೆ ಕಾರನ್ನು ಓಣಿಯ ಭಂಗಾರದವರಿಗೆ (ಗುಜರಿ ಸಾಮಾನು ಕೊಳ್ಳುವವರಿಗೆ) ಕೊಟ್ಟು, ರೊಕ್ಕ ಎಣಿಸಿಕೊಂಡು, ಆಮೇಲೆ ಶೋರೂಮಿಗೆ ಹೋಗಿ ‘ಸರ್ಕಾರದ ರಿಯಾಯಿತಿ ಎಷ್ಟು?’ ಎಂದು ಕೇಳುವವರು ಕಲಬುರಗಿಯಲ್ಲೂ ಇದ್ದಾರೆ, ಬೀದರಿನಲ್ಲೂ ಇದ್ದಾರೆ. ಆ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಹಳೆ ಕಾರನ್ನು ಗುಜರಿಗೆ ಕೊಟ್ಟವರಿಗೆ ಹೊಸ ಕಾರಿನ ತೆರಿಗೆ, ಶುಲ್ಕ, ಬೆಲೆಯಲ್ಲಿ ಸಿಗುವ ರಿಯಾಯಿತಿಯೆಲ್ಲ ನಿಂತಿರುವುದು ಒಂದೇ ಒಂದು ಕಾಗದದ ಮೇಲೆ. ಕಾರನ್ನು ಗುಜರಿಗೆ ಒಪ್ಪಿಸಿದ್ದಕ್ಕೆ ಸಿಗುವ ಆ ಪ್ರಮಾಣಪತ್ರದ ಹೆಸರು ಸರ್ಟಿಫಿಕೇಟ್ ಆಫ್ ಡೆಪಾಸಿಟ್, ಚಿಕ್ಕದಾಗಿ ಸಿಒಡಿ. ಸರ್ಕಾರದಲ್ಲಿ ನೋಂದಾಯಿತವಾದ ಗುಜರಿ ಕೇಂದ್ರ ಮಾತ್ರ ಅದನ್ನು ಕೊಡಬಲ್ಲದು. ಭಂಗಾರದ ಅಂಗಡಿಯವರು ಕೊಡುವುದು ಬರೀ ರೊಕ್ಕ. ಕಾರಿನ ಆರ್‌ಸಿ ನಿಮ್ಮ ಹೆಸರಿನಲ್ಲೇ ಜೀವಂತ ಉಳಿಯುತ್ತದೆ. ನಾಳೆ ಆ ನಂಬರು, ಆ ಚಾಸಿ ಬೇರೆ ಯಾವುದೋ ಗಾಡಿಯ ಮೇಲೆ ಕಾಣಿಸಿಕೊಂಡರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ‘15 ವರ್ಷ ಆಯಿತು, ಇನ್ನು ಓಡಿಸುವಂತಿಲ್ಲ’ ಎಂದು ಹೆದರಿಸಿ ಅರ್ಧ ಬೆಲೆಗೆ ಕಾರು ಕೇಳುವವರಿದ್ದಾರೆ. ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಎಂಬ ಮಾತು ಹುಟ್ಟಿದ್ದು ದೆಹಲಿ ಸುತ್ತಿನಲ್ಲಿ. ನಮ್ಮಲ್ಲಿ ಖಾಸಗಿ ಕಾರು 15 ವರ್ಷ ದಾಟಿದರೂ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ ಆಗುತ್ತದೆ. ಕಡ್ಡಾಯ ಇರುವುದು ಸರ್ಕಾರಿ ವಾಹನಗಳಿಗೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಣ ನಿಂತಿದೆ. ಉಳಿದವರಿಗೆ 2021ರ ಆಗಸ್ಟಿನಲ್ಲಿ ಘೋಷಣೆಯಾದ ಗುಜರಿ ನೀತಿ ಸ್ವಯಂಪ್ರೇರಿತ. ಕೊಡುವುದೂ ಬಿಡುವುದೂ ನಿಮ್ಮಿಷ್ಟ.

ಇನ್ನೊಂದು ವಿಷಯ. ಅಮೆರಿಕ 2009ರಲ್ಲಿ ಇಂಥ ಯೋಜನೆ ತಂದಾಗ ಗ್ಯಾಲನ್ನಿಗೆ 18 ಮೈಲಿ ಅಥವಾ ಅದಕ್ಕೂ ಕಡಿಮೆ ಓಡುವ ಕಾರನ್ನು ಕೊಟ್ಟವರಿಗೆ, ಹೊಸದು ಎಷ್ಟು ಹೆಚ್ಚು ಓಡುತ್ತದೆಂದು ನೋಡಿ, 3,500 ಇಲ್ಲವೇ 4,500 ಡಾಲರ್ ಕೊಟ್ಟಿತು. ಹಳೆ ಎಂಜಿನ್ ಮತ್ತೆ ರಸ್ತೆಗೆ ಬಾರದಿರಲೆಂದು ಆಯಿಲ್ ಇಳಿಸಿ, ಸೋಡಿಯಂ ಸಿಲಿಕೇಟ್ ದ್ರಾವಣ ಹುಯ್ದು, ಎಂಜಿನ್ ಓಡಿಸಿ ಜಾಮ್ ಮಾಡುತ್ತಿದ್ದರು. ನಮ್ಮ ಯೋಜನೆ ಮೈಲೇಜನ್ನು ಕೇಳುವುದೇ ಇಲ್ಲ. ಲೀಟರಿಗೆ 18 ಕಿ.ಮೀ. ಓಡುವ ಸಣ್ಣ ಕಾರನ್ನು ಗುಜರಿಗೆ ಹಾಕಿ 11 ಓಡುವ ದೊಡ್ಡ ಗಾಡಿ ತಂದರೂ ರಿಯಾಯಿತಿ ಸಿಗುತ್ತದೆ. ಹಾಗಾಗಿ ಇಂಧನದ ಲೆಕ್ಕವನ್ನು ಕೊಳ್ಳುವವರೇ ಹಾಕಬೇಕು.

ಸಿಗುವುದು ಏನೇನು

ಒಂದೇ ಚೆಕ್ಕಿನಲ್ಲಿ ಇಡೀ ಮೊತ್ತ ಬರುತ್ತದೆ ಎಂದುಕೊಳ್ಳಬೇಡಿ. ಬೇರೆ ಬೇರೆ ಕಡೆಯಿಂದ ಸಣ್ಣ ಸಣ್ಣ ಮೊತ್ತ ಬರುತ್ತವೆ. ಪ್ರತಿಯೊಂದಕ್ಕೂ ಅದರದೇ ಕಿಟಕಿ, ಅದರದೇ ಹೊತ್ತು.

ಗುಜರಿ ಬೆಲೆ ಕೇಂದ್ರದವರಿಂದ ಬರುತ್ತದೆ. ಹೊಸ ಕಾರಿನ ಎಕ್ಸ್ ಶೋರೂಮ್ ಬೆಲೆಯ ಶೇ 4ರಿಂದ 6ರಷ್ಟು ಎಂದು ನೀತಿ ಹೇಳಿದೆ, ಆದರೆ ವ್ಯವಹಾರ ನಡೆಯುವುದು ತೂಕದ ಮೇಲೆ. ನಿಮ್ಮ ಆರ್‌ಸಿಯಲ್ಲೇ ಖಾಲಿ ಗಾಡಿಯ ತೂಕ, ಅಂದರೆ ‘ಅನ್‌ಲೇಡನ್ ವೇಟ್’, ಅಚ್ಚಾಗಿರುತ್ತದೆ. 850 ಕಿಲೋ ಇದ್ದು, ದರ ಕಿಲೋಗೆ 25 ರೂಪಾಯಿ ಎಂದಿಟ್ಟುಕೊಂಡರೆ 21,250 ಆಯಿತು. ಬ್ಯಾಟರಿ ಇಲ್ಲ, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ, ಸ್ಟೆಪ್ನಿ ಇಲ್ಲ ಎಂದರೆ ಅದರಲ್ಲಿ ಕಡಿತ. ಕನ್ವರ್ಟರಿನೊಳಗೆ ಪ್ಲಾಟಿನಂ ಜಾತಿಯ ಬೆಲೆಬಾಳುವ ಲೋಹಗಳಿರುತ್ತವೆ. ಹಿಂದೊಮ್ಮೆ ಗ್ಯಾರೇಜಿನಲ್ಲಿ ‘ಪಿಕಪ್ ಬರಲಿ’ ಎಂದು ಅದನ್ನು ತೆಗೆಸಿಹಾಕಿದ್ದರೆ ಆ ನಷ್ಟ ಈಗ ಕಾಣುತ್ತದೆ.

ರಸ್ತೆ ತೆರಿಗೆಯ ರಿಯಾಯಿತಿ ರಾಜ್ಯದ್ದು. ಕೇಂದ್ರದ ನಿಯಮ ಖಾಸಗಿ ವಾಹನಕ್ಕೆ ಶೇ 25ರವರೆಗೆ, ಬಾಡಿಗೆ ವಾಹನಕ್ಕೆ ಶೇ 15ರವರೆಗೆ ಎಂದು ಮೇಲಿನ ಗಡಿ ಹಾಕಿದೆ. ‘ರವರೆಗೆ’ ಎಂಬುದನ್ನು ಗಮನಿಸಿ. ಕರ್ನಾಟಕ ಶೇಕಡಾ ಲೆಕ್ಕ ಹಿಡಿಯದೆ, ಹೊಸ ವಾಹನದ ಬೆಲೆಯ ಹಂತಕ್ಕೆ ಇಂತಿಷ್ಟು ಎಂದು ನಿಗದಿತ ಮೊತ್ತ ಕೊಡುತ್ತದೆ. 20 ಲಕ್ಷ ಮೀರಿದ ಖಾಸಗಿ ವಾಹನಕ್ಕೆ ಅದು 50,000 ರೂಪಾಯಿ. ಬೆಲೆ ಇಳಿದಂತೆ ಮೊತ್ತವೂ ಇಳಿಯುತ್ತದೆ. ‘ತೆರಿಗೆಯಲ್ಲಿ ಕಾಲು ಭಾಗ ಮಾಫಿ’ ಎಂದು ಯಾರಾದರೂ ಹೇಳಿದರೆ ಅವರು ಬೇರೆ ರಾಜ್ಯದ ಮಾತು ಹೇಳುತ್ತಿದ್ದಾರೆ.

ನೋಂದಣಿ ಶುಲ್ಕ ಪೂರ್ತಿ ಮಾಫಿ. ಕೇಳಲು ದೊಡ್ಡದು, ಆದರೆ ಖಾಸಗಿ ಕಾರಿನ ನೋಂದಣಿ ಶುಲ್ಕವೇ 600 ರೂಪಾಯಿ. ‘ರಿಜಿಸ್ಟ್ರೇಷನ್ ಫ್ರೀ’ ಎಂಬ ಜಾಹೀರಾತು ನೋಡಿ ತೆರಿಗೆಯೂ ಹೋಯಿತೆಂದು ತಿಳಿಯಬೇಡಿ.

ಕಂಪನಿಯ ರಿಯಾಯಿತಿ ಕೊನೆಯದು. 2024ರ ಆಗಸ್ಟಿನಲ್ಲಿ ಕಾರು ಕಂಪನಿಗಳು ಸಾರಿಗೆ ಸಚಿವಾಲಯಕ್ಕೆ ಒಪ್ಪಿಕೊಂಡಿದ್ದು ಎಕ್ಸ್ ಶೋರೂಮ್ ಬೆಲೆಯ ಶೇ 1.5 ಅಥವಾ 20,000, ಯಾವುದು ಕಡಿಮೆಯೋ ಅದು. 8 ಲಕ್ಷದ ಕಾರಿಗೆ 12,000 ಆಗುತ್ತದೆ. ಹಳೆ ಕಾರು ಹಿಂದಿನ 6 ತಿಂಗಳೊಳಗೆ ಗುಜರಿಗೆ ಹೋಗಿರಬೇಕೆಂಬ ಷರತ್ತು ಅದರಲ್ಲಿತ್ತು. ಘೋಷಣೆಯಾದದ್ದು ಒಂದು ವರ್ಷದ ಮಟ್ಟಿಗೆ. ಆದ್ದರಿಂದ ಬುಕಿಂಗ್ ಮಾಡುವ ತಿಂಗಳು ಜಾರಿಯಲ್ಲಿರುವ ಮೊತ್ತವನ್ನು ಎಸ್ಟಿಮೇಟಿನಲ್ಲೇ ಒಂದು ಸಾಲಾಗಿ ಬರೆಸಿಕೊಳ್ಳಿ. ಬಾಯಿಮಾತಿನ ಮೊತ್ತ ಬಿಲ್ಲಿನಲ್ಲಿ ಬರುವುದಿಲ್ಲ.

ಗುಜರಿಯೋ, ಎಕ್ಸ್‌ಚೇಂಜೋ

ಎಕ್ಸ್‌ಚೇಂಜ್ ಅಂದರೆ ಹಳೆ ಕಾರನ್ನು ಶೋರೂಮಿಗೇ ಕೊಟ್ಟು ಹೊಸದರ ಬೆಲೆಯಲ್ಲಿ ಕಳೆಸಿಕೊಳ್ಳುವುದು. ಒಂದು ಕಾರಿಗೆ ಎರಡೂ ಸಿಗುವುದಿಲ್ಲ. ಗುಜರಿಗೆ ಕೊಟ್ಟರೆ ಎಕ್ಸ್‌ಚೇಂಜ್ ಬೋನಸ್ ಇಲ್ಲ, ಎಕ್ಸ್‌ಚೇಂಜ್ ಮಾಡಿದರೆ ಸಿಒಡಿ ಇಲ್ಲ. ಮೇಲಿನ ಲೆಕ್ಕವನ್ನೇ ಹಿಡಿಯಿರಿ: ಗುಜರಿ 21,250, ಕಂಪನಿ 12,000, ಶುಲ್ಕ 600. ಒಟ್ಟು 33,850, ಇದರ ಮೇಲೆ ತೆರಿಗೆ ರಿಯಾಯಿತಿ. ಅದೇ ಕಾರಿಗೆ ಶೋರೂಮಿನವರು 60,000 ಬೆಲೆ, 15,000 ಬೋನಸ್ ಕಟ್ಟಿದರೆ 75,000 ಆಯಿತು. ತೆರಿಗೆ ರಿಯಾಯಿತಿ 41,150 ದಾಟಿದರೆ ಮಾತ್ರ ಗುಜರಿ ಮೇಲು. ಹಂತದ ಲೆಕ್ಕದಲ್ಲಿ 20 ಲಕ್ಷ ಮೀರಿದ ಗಾಡಿಗೇ 50,000 ಇರುವಾಗ, 8 ಲಕ್ಷದ ಕಾರಿನಲ್ಲಿ ಅಷ್ಟು ನಿರೀಕ್ಷಿಸುವಂತಿಲ್ಲ.

ಹಾಗಾಗಿ ಓಡುತ್ತಿರುವ, ಆರ್‌ಸಿ ಚಾಲ್ತಿಯಲ್ಲಿರುವ, ಕೊಳ್ಳುವವರಿರುವ ಕಾರನ್ನು ಗುಜರಿಗೆ ಹಾಕುವುದು ಸಾಮಾನ್ಯವಾಗಿ ನಷ್ಟ. ಬೇವಿನ ಗಿಡದ ಕೆಳಗೆ ಮೂರು ವರ್ಷದಿಂದ ನಿಂತು ಟೈರು ಕೂತ ಕಾರು, ಎಂಜಿನ್ ಹೋದ ಕಾರು, ಆರ್‌ಸಿ ಮುಗಿದು ಬಹಳ ದಿನವಾದ ಕಾರು, ತಳದ ತಗಡು ತುಕ್ಕು ತಿಂದ ಕಾರು ಇವಕ್ಕೆ ಗುಜರಿಯೇ ದಾರಿ. ನೋಂದಣಿ ಅವಧಿ ಮುಗಿದಿದ್ದರೂ ಗುಜರಿಗೆ ಕೊಡಬಹುದು. ಅದಕ್ಕಾಗಿ ಮೊದಲು ನವೀಕರಣ ಮಾಡಿಸಿ ದುಡ್ಡು ಸುರಿಯಬೇಕಿಲ್ಲ.

ಎಕ್ಸ್‌ಚೇಂಜ್ ಮಾಡುವವರು ಒಂದು ಕಾಗದ ಬಿಡಬಾರದು. ಕಾರು ಕೊಟ್ಟ ದಿನದಿಂದ ಮುಂದಿನವರ ಹೆಸರಿಗೆ ಆಗುವವರೆಗೆ ತಿಂಗಳುಗಟ್ಟಲೆ ನಿಮ್ಮ ಹೆಸರಿನಲ್ಲೇ ಓಡುವ ಕಾಲದಲ್ಲಿ ಅಪಘಾತವಾದರೆ ಹೊಣೆ ನಿಮ್ಮ ಮೇಲೆ ಬರುತ್ತದೆ. 2023ರ ಏಪ್ರಿಲಿನಿಂದ ಹಳೆ ವಾಹನದ ಅಧಿಕೃತ ಡೀಲರ್‌ಗಳಿಗೆ ಪ್ರತ್ಯೇಕ ನಿಯಮವಿದೆ. ಕಾರು ಒಪ್ಪಿಸಿದ್ದನ್ನು ನಮೂನೆ 29ಸಿಯಲ್ಲಿ ಪೋರ್ಟಲ್ ಮೂಲಕ ತಿಳಿಸಿದರೆ ಅಲ್ಲಿಂದ ಹೊಣೆ ಡೀಲರ್‌ದು. ಹೆಸರು ವರ್ಗಾವಣೆಯ ಖಾಲಿ ನಮೂನೆ 29, 30ಕ್ಕೆ ಸಹಿ ಹಾಕಿ ಕೊಟ್ಟು ಬರಬೇಡಿ. 29ಸಿ ಸ್ವೀಕೃತಿ ಕೇಳಿ ಪಡೆಯಿರಿ.

ಮೈಲೇಜು: ಅಳೆದು ನೋಡದೆ ಮಾತಾಡಬೇಡಿ

ಹಳೆ ಕಾರಿನ ಮೈಲೇಜು ಎಷ್ಟೆಂದು ಕೇಳಿದರೆ ಹೆಚ್ಚಿನವರು ಹೇಳುವುದು ಕೊಂಡ ವರ್ಷದ ಅಂಕಿ. ಅಳೆಯುವ ಕ್ರಮ ಸುಲಭ. ಬಂಕಿನಲ್ಲಿ ನಾಜಲ್ ತಾನೇ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕಡಿಮೆಯೆಂದರೂ 300 ಕಿ.ಮೀ. ನಿಮ್ಮ ದಿನದ ದಾರಿಯಲ್ಲೇ ಓಡಿಸಿ. ಮತ್ತೆ ಅದೇ ಬಂಕಿನಲ್ಲಿ, ಅದೇ ನಾಜಲ್‌ನಲ್ಲಿ, ಅದು ತಾನೇ ನಿಲ್ಲುವವರೆಗೆ ತುಂಬಿಸಿ. ಓಡಿದ ಕಿ.ಮೀ.ಯನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಎರಡು ಸಲ ಮಾಡಿ ಸರಾಸರಿ ತೆಗೆಯಿರಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಎಸಿ ಇಲ್ಲದೆ ಯಾರೂ ಓಡಿಸುವುದಿಲ್ಲ, ಆದ್ದರಿಂದ ಎಸಿ ಹಾಕಿಯೇ ಅಳೆಯಿರಿ.

ಅಳೆಯುವ ಮುನ್ನ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಟೈರಿನ ಗಾಳಿ ನೋಡಿಸಿ. ಸೇಡಂ, ಶಹಾಬಾದ್, ವಾಡಿ ಕಡೆಯ ಸಿಮೆಂಟು-ಕಲ್ಲಿನ ಧೂಳಿನಲ್ಲಿ ದಿನಾ ಓಡುವ ಕಾರಿನ ಫಿಲ್ಟರ್ ಕಂಪನಿ ಹೇಳಿದ ಅವಧಿಗಿಂತ ಬಹಳ ಮೊದಲೇ ಕಟ್ಟಿಕೊಳ್ಳುತ್ತದೆ. ಬ್ರೇಕ್ ಹಿಡಿದುಕೊಂಡಿದ್ದರೆ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿದಾಗ ಆ ಚಕ್ರದ ಡಿಸ್ಕು ಮಾತ್ರ ಹೆಚ್ಚು ಕಾದಿರುತ್ತದೆ. ಇಷ್ಟು ಸರಿಮಾಡಿದ ಮೇಲೂ ಮೈಲೇಜು ಬಾರದಿದ್ದರೆ ಎಂಜಿನ್ ಸವೆದಿರಬಹುದು.

2025ರಿಂದ ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಬೀದರ, ಆಳಂದ, ಅಫಜಲಪುರದ ಕಬ್ಬು ಬೆಳೆಗಾರರಿಗೆ ಎಥನಾಲ್ ಗೊತ್ತಿಲ್ಲದ ಮಾತಲ್ಲ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಕಡಿಮೆ. ಇದಕ್ಕೆ ಹೊಂದಿಸಿದ ಕಾರಿನಲ್ಲಿ ಶೇ 1-2, ಉಳಿದವುಗಳಲ್ಲಿ ಶೇ 3-6ರಷ್ಟು ಮೈಲೇಜು ಇಳಿಯಬಹುದೆಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಹಳೆ ಕಾರಿನ ಇಂಧನ ಪೈಪು, ರಬ್ಬರ್ ಸೀಲುಗಳು ಇದಕ್ಕೆಂದು ಮಾಡಿದವಲ್ಲ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ತಡಮಾಡದೆ ಬದಲಾಯಿಸಿ. ಅದು ಬೆಂಕಿಯ ವಿಷಯ.

ಈಗ ಲೆಕ್ಕ. ವರ್ಷಕ್ಕೆ 10,000 ಕಿ.ಮೀ., ಹಳೆಯದು 14, ಹೊಸದು 20 ಓಡುತ್ತದೆ ಎಂದುಕೊಳ್ಳಿ. 714 ಲೀಟರ್ ಬೇಕಾಗಿದ್ದಲ್ಲಿ 500 ಸಾಕು. ಲೀಟರಿಗೆ 100 ರೂಪಾಯಿ ಹಿಡಿದರೆ ವರ್ಷಕ್ಕೆ 21,400, ತಿಂಗಳಿಗೆ ಸುಮಾರು 1,780 ಉಳಿತಾಯ. ಹೊಸ ಕಾರಿಗೆ 6 ಲಕ್ಷ ಸಾಲ ತೆಗೆದು, ಶೇ 9ರ ಬಡ್ಡಿಯಲ್ಲಿ 5 ವರ್ಷಕ್ಕೆ ತೀರಿಸುವುದಾದರೆ ಕಂತು ತಿಂಗಳಿಗೆ ಸುಮಾರು 12,450. ಪೆಟ್ರೋಲಿನ ಉಳಿತಾಯದಿಂದಲೇ ಹೊಸ ಕಾರು ಬರುತ್ತದೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಬೀದರಿನಿಂದ ಹೈದರಾಬಾದಿಗೆ ವಾರಕ್ಕೆರಡು ಸಲ ಹೋಗಿಬರುವವರು, ದಿನಾ ಯಾದಗಿರಿ-ಕಲಬುರಗಿ ಓಡಾಡುವವರು ವರ್ಷಕ್ಕೆ 30,000 ಕಿ.ಮೀ. ಮುಟ್ಟಬಹುದು. ಅವರಿಗೆ ಉಳಿತಾಯ 64,000 ದಾಟುತ್ತದೆ, ಲೆಕ್ಕ ಬೇರೆಯಾಗುತ್ತದೆ. ಸಂತೆಗೆ, ಮದುವೆಗೆ, ಗಾಣಗಾಪುರಕ್ಕೆ ಎಂದು ವರ್ಷಕ್ಕೆ 4,000 ಕಿ.ಮೀ. ಓಡಿಸುವವರಿಗೆ ಉಳಿಯುವುದು 8,600 ಅಷ್ಟೆ.

ಹೊಸ ಕಾರಿನ ಜಾಹೀರಾತಿನ ಮೈಲೇಜು ಪರೀಕ್ಷಾಲಯದ್ದು. 2024ರ ಸ್ವಿಫ್ಟ್ ಮ್ಯಾನುವಲ್‌ಗೆ 24.80, ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ಗೆ 27.97 ಎಂದು ಬರೆದಿರುತ್ತಾರೆ. ನಮ್ಮ ಬಿಸಿಲಿಗೆ, ನಮ್ಮ ರಸ್ತೆಗೆ ಅದರ ಮುಕ್ಕಾಲು ಭಾಗವನ್ನು ಲೆಕ್ಕಕ್ಕೆ ಹಿಡಿದರೆ ಮೋಸ ಹೋಗುವುದಿಲ್ಲ. ಹೈಬ್ರಿಡ್ಡಿನ ಲಾಭ ಹೆಚ್ಚು ಕಾಣುವುದು ನಿಂತು ನಿಂತು ಸಾಗುವ ಊರೊಳಗೆ. ಸೊಲ್ಲಾಪುರದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸುವವರಿಗೆ ಅಷ್ಟು ಸಿಗುವುದಿಲ್ಲ. ಸಿಎನ್‌ಜಿ ಕೊಳ್ಳುವ ಮುನ್ನ ನಿಮ್ಮ ದಿನದ ದಾರಿಯ ಮೇಲೆಯೇ ಬಂಕು ಇದೆಯೇ, ಸರದಿ ಎಷ್ಟು ಉದ್ದ ಇರುತ್ತದೆ ಎಂದು ಎರಡು ದಿನ ಹೋಗಿ ನೋಡಿ.

ಕಾಗದಪತ್ರ: ಕೆಲಸ ನಿಲ್ಲುವುದು ಇಲ್ಲೇ

ಕಾರು ಎತ್ತಿಸುವ ಮುಂಚೆ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲೋ ಎಂ-ಪರಿವಾಹನ್ ಆ್ಯಪಿನಲ್ಲೋ ನಿಮ್ಮ ನಂಬರು ಹಾಕಿ ನೋಡಿ. ನಂಬರೇ ಬಾರದಿದ್ದರೆ, ಅದು ಹಳೆ ಪುಸ್ತಕದ ಆರ್‌ಸಿಯ ಕಾಲದ ಗಾಡಿಯಾಗಿದ್ದು ಕಂಪ್ಯೂಟರಿಗೆ ಏರಿಲ್ಲ. ಮೂಲ ಆರ್‌ಸಿ ಹಿಡಿದು ನೋಂದಣಿ ಮಾಡಿದ ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಇದಾಗದೆ ಗುಜರಿ ಕೇಂದ್ರದವರು ಮುಂದಿನ ಹೆಜ್ಜೆ ಇಡಲಾರರು. ದಾಖಲೆಯಲ್ಲಿರುವ ಮೊಬೈಲ್ ನಂಬರು ನಿಮ್ಮದೇ ಆಗಿರಬೇಕು, ಓಟಿಪಿ ಅಲ್ಲಿಗೇ ಬರುತ್ತದೆ. ನಂಬರು ಹಳೆಯದಾಗಿದ್ದರೆ ಮೊದಲು ಅದನ್ನು ಬದಲಿಸಿ. ಚಾಸಿ ನಂಬರಿನ ಕೊನೆಯ ಐದು ಅಂಕಿ ಕೇಳುತ್ತದೆ, ಬರೆದಿಟ್ಟುಕೊಳ್ಳಿ.

ಹಳೆ ಸಾಲ ತೀರಿ ಹತ್ತು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿರುವುದು ನಮ್ಮ ಕಡೆ ಬಹಳ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂದಿದ್ದರೆ, ಆ ಬ್ಯಾಂಕು 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ ಸೇರಿಹೋಗಿದೆ, ಎನ್‌ಒಸಿ (ಸಾಲ ತೀರಿದೆ, ಆಕ್ಷೇಪವಿಲ್ಲ ಎಂಬ ಪತ್ರ) ಎಸ್‌ಬಿಐ ಶಾಖೆಯಿಂದ ಬರಬೇಕು. ಕೃಷ್ಣಾ ಗ್ರಾಮೀಣ ಬ್ಯಾಂಕಿನ ಸಾಲವಾಗಿದ್ದರೆ ಇಂದಿನ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಶಾಖೆ. ಹಳೆ ಸಾಲದ ಕಡತ ಹುಡುಕಲು ಶಾಖೆಯವರಿಗೂ ಹೊತ್ತು ಬೇಕು. ಸಾಲದ ಖಾತೆ ನಂಬರು, ತೀರಿಸಿದ ರಸೀದಿ ಒಯ್ದರೆ ಬೇಗ ಆಗುತ್ತದೆ. ಎನ್‌ಒಸಿ ಜತೆ ನಮೂನೆ 35ಕ್ಕೆ ಬ್ಯಾಂಕಿನ ಸಹಿ-ಮೊಹರು ಹಾಕಿಸಿ ಆರ್‌ಟಿಒದಲ್ಲಿ ಸಾಲದ ನಮೂದು ತೆಗೆಸಿ. ಎಲ್ಲಕ್ಕಿಂತ ಮೊದಲು ಶುರು ಮಾಡಬೇಕಾದ ಕೆಲಸ ಇದು.

ಕಾರು ಮೂರು ಕೈ ದಾಟಿ ಬಂದಿದೆ, ಆರ್‌ಸಿ ಮಾತ್ರ ಮೊದಲಿನವರ ಹೆಸರಿನಲ್ಲಿದೆ ಎನ್ನುವವರಿಗೆ ಎರಡು ದಾರಿ. ನಮೂನೆ 29, 30ರಲ್ಲಿ ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ಒಂದು. ಆರ್‌ಸಿಯಲ್ಲಿರುವವರೇ ಗುಜರಿಗೆ ಕೊಟ್ಟು, ಸಿಒಡಿಯನ್ನು ನಿಮಗೆ ವರ್ಗಾಯಿಸುವುದು ಇನ್ನೊಂದು. ಸಿಒಡಿ ಕೈಬದಲಾಯಿಸಬಹುದಾದ ಪತ್ರ, ಎಲೆಕ್ಟ್ರಾನಿಕ್ ರೂಪದಲ್ಲಿ ಮಾರಲೂಬಹುದು. ಈಗ ಹೊಸ ಕಾರು ಕೊಳ್ಳದವರಿಗೂ ಅದಕ್ಕೆ ಬೆಲೆ ಇದೆ ಎಂದಾಯಿತು. ಮಾಲೀಕರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಾರಸಾ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಹೆಸರು ವರ್ಗಾವಣೆಗೆ ನಮೂನೆ 31. ಆರ್‌ಸಿ ಕಳೆದಿದ್ದರೆ ಪೊಲೀಸ್ ದೂರಿನ ಪ್ರತಿ ಲಗತ್ತಿಸಿ ನಮೂನೆ 26ರಲ್ಲಿ ನಕಲು ಪಡೆಯಬೇಕು.

ಆಧಾರ್‌ನಲ್ಲಿ ‘ಬಸವರಾಜಪ್ಪ’, ಆರ್‌ಸಿಯಲ್ಲಿ ‘ಬಸವರಾಜ’, ಬ್ಯಾಂಕಿನಲ್ಲಿ ಮನೆತನದ ಹೆಸರು ಮುಂದೆ. ಇಂಥ ವ್ಯತ್ಯಾಸಕ್ಕೆ ದುಡ್ಡು ಜಮೆಯಾಗದೆ ನಿಲ್ಲುತ್ತದೆ, ಹೊಸ ಕಾರಿನ ನೋಂದಣಿಯಲ್ಲಿ ಸಿಒಡಿ ಹೊಂದುವುದಿಲ್ಲ. ಮುಂಚೆಯೇ ಒಂದೇ ರೀತಿ ಮಾಡಿಸಿ. ವಿಳಾಸದಲ್ಲಿ ‘ಗುಲ್ಬರ್ಗಾ’ ಎಂದಿರುವುದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು, ಅದಕ್ಕಿಂತ ಹಳೆಯ ಆರ್‌ಸಿಗಳೆಲ್ಲ ಹಾಗೇ ಇವೆ.

ಬೀದರ, ಭಾಲ್ಕಿ, ಔರಾದ, ಬಸವಕಲ್ಯಾಣದಲ್ಲಿ ಮಹಾರಾಷ್ಟ್ರ, ತೆಲಂಗಾಣದ ನಂಬರಿನ ಹಳೆ ಕಾರುಗಳು ಬೇಕಾದಷ್ಟಿವೆ. ಯಾವ ರಾಜ್ಯದ ಗಾಡಿಯನ್ನಾದರೂ ಯಾವ ರಾಜ್ಯದ ನೋಂದಾಯಿತ ಕೇಂದ್ರಕ್ಕಾದರೂ ಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ತೆಲಂಗಾಣ ಬಹುಕಾಲ ದೇಶದ ವಾಹನ ನೋಂದಣಿ ದಾಖಲೆಯಾದ ‘ವಾಹನ್’ ಜಾಲದ ಹೊರಗೆ ತನ್ನದೇ ವ್ಯವಸ್ಥೆ ಇಟ್ಟುಕೊಂಡಿದ್ದರಿಂದ ಆ ನಂಬರಿನವರು ದಾಖಲೆ ಕಾಣಿಸುತ್ತದೆಯೇ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ. ದಂಡದ ಬಾಕಿಯನ್ನೂ ಇ-ಚಲನ್ ತಾಣದಲ್ಲಿ ನೋಡಿ ತೀರಿಸಿ. ಹೈದರಾಬಾದಿಗೆ ಹೋಗಿಬಂದ ಗಾಡಿಗಳಿಗೆ ಅಲ್ಲಿನ ಕ್ಯಾಮೆರಾದ ದಂಡ ಗೊತ್ತಿಲ್ಲದೆ ಬಿದ್ದಿರುತ್ತದೆ.

ಕಾರು ಒಪ್ಪಿಸುವ ದಿನ

ನೋಂದಾಯಿತ ಕೇಂದ್ರಗಳ ಪಟ್ಟಿ ಪರಿವಾಹನ್‌ನ ವಿ-ಸ್ಕ್ರ್ಯಾಪ್ ಪುಟದಲ್ಲಿದೆ. ಅದರಲ್ಲಿ ಹೆಸರಿಲ್ಲದವರು ‘ನಾವೇ ಸರ್ಟಿಫಿಕೇಟ್ ತರಿಸಿಕೊಡುತ್ತೇವೆ’ ಎಂದರೆ ಒಪ್ಪಬೇಡಿ. ದೂರದ ಲೆಕ್ಕವೂ ಮುಖ್ಯ. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಕಲಬುರಗಿಯಿಂದ ಹೈದರಾಬಾದ್ ಸುಮಾರು 220, ಬೆಂಗಳೂರು 600ರ ಆಸುಪಾಸು. ಪಕ್ಕದ ರಾಜ್ಯದ ಕೇಂದ್ರ ಹತ್ತಿರ ಎನಿಸಿದರೆ, ಕಾರು ಲೋಡ್ ಮಾಡುವ ಮುನ್ನ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ‘ಹೊರರಾಜ್ಯದ ಕೇಂದ್ರದ ಸಿಒಡಿಗೆ ಇಲ್ಲಿ ತೆರಿಗೆ ರಿಯಾಯಿತಿ ಹಚ್ಚುತ್ತೀರಾ?’ ಎಂದು ಕೇಳಿ ಉತ್ತರ ಪಡೆಯಿರಿ.

ಎರಡು-ಮೂರು ಕೇಂದ್ರಗಳಿಂದ ಬರಹದಲ್ಲಿ ದರ ತರಿಸಿ: ಕಿಲೋಗೆ ಎಷ್ಟು, ಯಾವ ಭಾಗ ಇಲ್ಲದಿದ್ದರೆ ಎಷ್ಟು ಕಡಿತ, ಮನೆಬಾಗಿಲಿನಿಂದ ಎತ್ತಿಕೊಂಡು ಹೋಗುವ ಖರ್ಚು ಯಾರದು. ಟೋಯಿಂಗ್ ಖರ್ಚು ನಿಮ್ಮ ಮೇಲೆ ಬಿದ್ದರೆ ಗುಜರಿ ಬೆಲೆಯ ದೊಡ್ಡ ಪಾಲು ಅದಕ್ಕೇ ಹೋದೀತು. ಊರಿನ ನಾಲ್ಕಾರು ಮಂದಿ ಒಟ್ಟಿಗೆ ಕೊಡುವುದಾದರೆ ಒಂದೇ ಲಾರಿಯಲ್ಲಿ ಎತ್ತಿಸಬಹುದು. ವಿಮೆ ಅಥವಾ ಆರ್‌ಸಿ ಮುಗಿದ ಕಾರನ್ನು ‘ಕೊನೆಯ ಸಲ ತಾನೇ’ ಎಂದು ರಸ್ತೆಯಲ್ಲಿ ಓಡಿಸಿಕೊಂಡು ಹೋಗಬೇಡಿ. ದಾರಿಯಲ್ಲಿ ಯಾರಿಗಾದರೂ ತಗುಲಿದರೆ ಪರಿಹಾರವೆಲ್ಲ ನಿಮ್ಮ ಕೈಯಿಂದ.

ಒಯ್ಯಬೇಕಾದ್ದು ಮೂಲ ಆರ್‌ಸಿ, ಆಧಾರ್ ಮತ್ತು ಪ್ಯಾನ್ ಪ್ರತಿ, ರದ್ದು ಮಾಡಿದ ಚೆಕ್ಕು ಅಥವಾ ಪಾಸ್‌ಬುಕ್ಕಿನ ಮೊದಲ ಪುಟ. ಬೇರೆಯವರನ್ನು ಕಳಿಸುವುದಾದರೆ ಸಹಿ ಮಾಡಿದ ಅಧಿಕಾರ ಪತ್ರ. ಕಾರು ಕಳವಿನ ಅಥವಾ ಅಪರಾಧ ಪ್ರಕರಣದಲ್ಲಿ ಇಲ್ಲವೆಂಬ ಘೋಷಣೆಗೂ ಸಹಿ ಬೇಕು. ಕೇಂದ್ರದವರು ಕಳವು ವಾಹನಗಳ ದಾಖಲೆಯಲ್ಲಿ ಹುಡುಕಿದ ಮೇಲೆಯೇ ಮುಂದುವರಿಯುತ್ತಾರೆ. ಹಳೆ ಓಮ್ನಿಗಳಲ್ಲಿ ಎಲ್‌ಪಿಜಿ ಕಿಟ್ ಕೂರಿಸಿ ಆರ್‌ಸಿಯಲ್ಲಿ ಬರೆಸದೆ ಬಿಟ್ಟಿದ್ದರೆ ಅದನ್ನು ಮೊದಲೇ ಹೇಳಿ, ಸಿಲಿಂಡರಿನಲ್ಲಿ ಅನಿಲ ಉಳಿದಿರುವ ಗಾಡಿಯನ್ನು ಕತ್ತರಿಸುವವರ ಜೀವದ ಪ್ರಶ್ನೆ ಅದು. ಒಪ್ಪಿಸುವಾಗ ಚಾಸಿ ನಂಬರು, ನಂಬರ್ ಪ್ಲೇಟು, ಓಡೋಮೀಟರ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಫಾಸ್ಟ್ಯಾಗ್ ಕಿತ್ತು, ಬ್ಯಾಂಕಿಗೆ ತಿಳಿಸಿ ಮುಚ್ಚಿಸಿ.

ಕಾರು ಪಡೆದ ಮೇಲೆ ಕೇಂದ್ರ ಸಿಒಡಿ ಕೊಡುತ್ತದೆ, ಕತ್ತರಿಸಿ ಮುಗಿಸಿದ ಮೇಲೆ ವಾಹನ ಗುಜರಿ ಪ್ರಮಾಣಪತ್ರ ಎಂಬ ಎರಡನೆಯ ಕಾಗದ. ಎರಡನ್ನೂ ಇಟ್ಟುಕೊಳ್ಳಿ. ಕೇಂದ್ರದಲ್ಲಿ ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಎಸಿ ಅನಿಲ, ಬ್ಯಾಟರಿ ಎಲ್ಲವನ್ನೂ ಬೇರೆ ಮಾಡಿ ಆಮೇಲೆ ಲೋಹ ಕತ್ತರಿಸುತ್ತಾರೆ. ರಸ್ತೆ ಬದಿಯ ಭಂಗಾರದ ಅಂಗಡಿಯಲ್ಲಿ ಆ ಎಣ್ಣೆ ಇಂಗುವುದು ನಮ್ಮದೇ ಕಪ್ಪು ನೆಲಕ್ಕೆ.

ಶೋರೂಮಿನಲ್ಲಿ

ಸಿಒಡಿ ನಂಬರನ್ನು ಬುಕಿಂಗ್ ದಿನವೇ ಕೊಡಿ. ಹೊಸ ಕಾರಿನ ನೋಂದಣಿ ಅರ್ಜಿಯನ್ನು ಪೋರ್ಟಲಿನಲ್ಲಿ ಹಾಕುವವರು ಡೀಲರೇ. ತೆರಿಗೆ ಕಟ್ಟುವ ಮೊದಲು ಆ ನಂಬರು ಏರಬೇಕು. ಪೂರ್ತಿ ತೆರಿಗೆ ಕಟ್ಟಿದ ಮೇಲೆ ಸಿಒಡಿ ಹಿಡಿದು ಹೋದರೆ ವಾಪಸಿಗೆ ಅಲೆದಾಟ. ಹಬ್ಬದ ಮುಹೂರ್ತಕ್ಕೆ ಡೆಲಿವರಿ ಬೇಕೆಂಬ ಅವಸರದಲ್ಲಿ ಕಳೆದುಹೋಗುವುದು ಹೆಚ್ಚಾಗಿ ಇದೇ. ದೀಪಾವಳಿಗೆ ಕಾರು ಬೇಕೆಂದರೆ ಗುಜರಿಯ ಕೆಲಸ ಶ್ರಾವಣದಲ್ಲೇ ಶುರುವಾಗಲಿ.

ಕರ್ನಾಟಕದ ಜೀವಾವಧಿ ರಸ್ತೆ ತೆರಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರಾಚೆ 18. ಮೇಲೆ ಸೆಸ್ಸು ಬೇರೆ. 10 ಲಕ್ಷದ ಗಡಿಯಲ್ಲಿ ಎಚ್ಚರ ಬೇಕು. 9,95,000ದ ಕಾರಿಗೆ ತೆರಿಗೆ 1,39,300. ಒಂದು ಮೆಟ್ಟಿಲು ಮೇಲಿನ ಮಾದರಿ 10,05,000 ಇದ್ದರೆ 1,70,850. ಹತ್ತು ಸಾವಿರದ ಅಲಂಕಾರಕ್ಕೆ 31,550 ಹೆಚ್ಚಿನ ತೆರಿಗೆ! ಇಷ್ಟು ಓಡಾಡಿ ಗಳಿಸಿದ ಗುಜರಿ ಬೆಲೆ ಅಲ್ಲೇ ಕರಗುತ್ತದೆ. ಸಣ್ಣ ಕಾರಿಗೆ ಜಿಎಸ್‌ಟಿಯಲ್ಲೂ ಲಾಭವಿದೆ. 2025ರ ಸೆಪ್ಟೆಂಬರ್ 22ರಿಂದ 4 ಮೀಟರಿಗಿಂತ ಉದ್ದವಿಲ್ಲದ, 1,200 ಸಿಸಿವರೆಗಿನ ಪೆಟ್ರೋಲ್ ಮತ್ತು 1,500 ಸಿಸಿವರೆಗಿನ ಡೀಸೆಲ್ ಕಾರಿಗೆ ಶೇ 18, ದೊಡ್ಡವಕ್ಕೆ ಶೇ 40, ವಿದ್ಯುತ್ ಕಾರಿಗೆ ಶೇ 5. ಇಂಧನ ಉಳಿಸುವ ಕಾರಿಗೆ ನಿಜವಾದ ಪ್ರೋತ್ಸಾಹ ಸದ್ಯ ಇಲ್ಲಿದೆ. ಕೇಂದ್ರದ ಪಿಎಂ ಇ-ಡ್ರೈವ್ ಸಹಾಯಧನ ಖಾಸಗಿ ವಿದ್ಯುತ್ ಕಾರಿಗೆ ಅನ್ವಯಿಸುವುದಿಲ್ಲ. ‘ಸಬ್ಸಿಡಿ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ಬಿಲ್ಲಿನಲ್ಲಿ ತೋರಿಸಲು ಹೇಳಿ.

ವಿಮೆಯ ವಿಷಯ ಬಹುತೇಕರು ಮರೆಯುತ್ತಾರೆ. ಐದು ವರ್ಷ ಕ್ಲೇಮ್ ಮಾಡದಿದ್ದರೆ ಶೇ 50ರವರೆಗೆ ಕೂಡಿದ ನೋ ಕ್ಲೇಮ್ ಬೋನಸ್ ನಿಮ್ಮದು, ಕಾರಿನದಲ್ಲ. ಹಳೆ ಕಾರನ್ನು ಗುಜರಿಗೋ ಮಾರಾಟಕ್ಕೋ ಕೊಟ್ಟ ದಾಖಲೆ ತೋರಿಸಿ, ಹಳೆ ವಿಮಾ ಕಂಪನಿಯಿಂದ ಬೋನಸ್ ಕಾಯ್ದಿರಿಸಿದ ಪತ್ರ ಪಡೆದರೆ 3 ವರ್ಷದೊಳಗೆ ಹೊಸ ಕಾರಿಗೆ ಹಚ್ಚಬಹುದು. ಸ್ವಂತ ಹಾನಿಯ ಕಂತು 15,000 ಇದ್ದರೆ 7,500 ಉಳಿಯಿತು. ಥರ್ಡ್ ಪಾರ್ಟಿ ಭಾಗಕ್ಕೆ ಇದು ಅನ್ವಯಿಸದು. ಶೋರೂಮಿನವರು ಕೇಳದಿದ್ದರೂ ನೀವೇ ಹೇಳಬೇಕು.

ಸದ್ಯಕ್ಕೆ ಇಟ್ಟುಕೊಳ್ಳುವುದಾದರೆ

ಲೆಕ್ಕ ಹಾಕಿ ನೋಡಿದ ಮೇಲೆ ಹಳೆಯದೇ ಸಾಕು ಎನಿಸಿದರೆ ನವೀಕರಣವನ್ನು ಹೊತ್ತಿಗೆ ಮಾಡಿಸಿ. ಅವಧಿ ಮುಗಿಯುವ 60 ದಿನ ಮುಂಚಿನಿಂದ ನಮೂನೆ 25ರಲ್ಲಿ ಅರ್ಜಿ ಹಾಕಬಹುದು. 15 ವರ್ಷ ದಾಟಿದ ಕಾರಿಗೆ ಶುಲ್ಕ 5,000. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಿಂದ 10,000. ತಡವಾದರೆ ತಿಂಗಳಿಗೆ 500ರಂತೆ ಏರುತ್ತದೆ. ಮೂರು ವರ್ಷ ಮರೆತರೆ ದಂಡವೇ 18,000, ಸಣ್ಣ ಕಾರಿನ ಗುಜರಿ ಬೆಲೆಗೆ ಹತ್ತಿರ. ತಪಾಸಣೆಗೆ ಒಯ್ಯುವ ಮುನ್ನ ಹೆಡ್‌ಲೈಟು, ಇಂಡಿಕೇಟರ್, ವೈಪರ್, ಹ್ಯಾಂಡ್ ಬ್ರೇಕ್, ಟೈರಿನ ಗೆರೆ ನೋಡಿಸಿ, ಮಾಲಿನ್ಯ ತಪಾಸಣೆಯ ಚೀಟಿ ಮಾಡಿಸಿ. ಚಾಸಿ ನಂಬರಿನ ಜಾಗದ ತುಕ್ಕನ್ನು ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಮೆಲ್ಲಗೆ ಒರೆಸಿ, ಉಪ್ಪುಕಾಗದದಿಂದ ಉಜ್ಜಬೇಡಿ. ಅಕ್ಷರ ಸವೆದು ನಂಬರು ಓದಲಾಗದಿದ್ದರೆ ನವೀಕರಣವೂ ನಿಲ್ಲುತ್ತದೆ, ಮುಂದೆ ಗುಜರಿಗೆ ಕೊಡುವಾಗಲೂ ಅದೇ ತೊಡಕು.